ಪ್ಲಾಸ್ಟರ್ ತೆಗೆದ ಮೇಲಿನ ಕೆಲಸ: ನನ್ನ ಅನುಭವ

ಮಣಿಕಟ್ಟು ಮುರಿದುಕೊಂಡು ಬಂದ ಅಮ್ಮಂದಿರೇ ನಾಲ್ಕೈದು ವರ್ಷಕ್ಕೆ ಸೊಂಟ ಮುರಿದುಕೊಂಡು ಮತ್ತೆ ಬರುತ್ತಾರೆ. ಮೂಳೆ ಡಾಕ್ಟರುಗಳು ನಾವೆಲ್ಲ ನೋಡಿದ್ದೇ. ರಾಡ್ ಹಾಕುತ್ತೇವೆ, ಬಿಲ್ ಕೊಡುತ್ತೇವೆ, ಕಳಿಸುತ್ತೇವೆ. ಮೂಳೆ ಅಷ್ಟು ಸುಲಭಕ್ಕೆ ಯಾಕೆ ಮುರಿಯಿತು ಅಂತ ಕೇಳಲು ಯಾರಿಗೂ ಪುರುಸೊತ್ತಿಲ್ಲ. ಶಿರಸಿ ಕಡೆಯ ನನ್ನ ಸಣ್ಣ ಆಸ್ಪತ್ರೆಯಲ್ಲಿ ಹೀಗೆ ಮೂಳೆ ಟೊಳ್ಳಾದವರಿಗೆ (ಆಸ್ಟಿಯೊಪೊರೋಸಿಸ್) ಔಷಧ ಕೊಡುವ ಒಂದು ವ್ಯವಸ್ಥೆ ಮಾಡುತ್ತೇನೆ ಎಂದಾಗ ಗೆಳೆಯರು ನಕ್ಕರು. 'ನೋವು ಹೋದ ಮೇಲೆ ಯಾರು ಬರ್ತಾರೆ ಮಾರಾಯ?' ಈಗ ಮೂಳೆ ಗಟ್ಟಿಮಾಡುವ ಎರಡನೇ ವರ್ಷದ ಇಂಜೆಕ್ಷನ್ನಿಗೆ ನೂರಕ್ಕೆ ಅರವತ್ತರ ಮೇಲೆ ಬರುತ್ತಿದ್ದಾರೆ. ನಕ್ಕವರಲ್ಲಿ ಇಬ್ಬರು ನನ್ನ ರಿಜಿಸ್ಟರಿನ ಫೋಟೋ ಹೊಡೆದುಕೊಂಡು ಹೋಗಿದ್ದಾರೆ.

ಮೊದಲು ಕೈಕೊಟ್ಟದ್ದು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್. ಹುಬ್ಬಳ್ಳಿಗೆ ಹತ್ತಿರ ಹತ್ತಿರ 100 ಕಿ.ಮೀ. ಬಸ್ಸು, ಸ್ಕ್ಯಾನು, ಜೊತೆಗೆ ಹೋಗುವ ಮಗನ ಒಂದು ದಿನದ ಕೆಲಸ, ಎಲ್ಲ ಸೇರಿ ಮೂರೂವರೆ ಸಾವಿರ. ಚೀಟಿ ಬರೆದುಕೊಟ್ಟರೆ ಹತ್ತರಲ್ಲಿ ಒಬ್ಬರು ಹೋದರೆ ಹೆಚ್ಚು. ನಿಂತಲ್ಲೇ ಬಿದ್ದು ಸೊಂಟ ಮುರಿದವರಿಗೆ ಆ ಸ್ಕ್ಯಾನಿನ ಅಂಕ, ಟಿ-ಸ್ಕೋರ್, ಕಾಯುತ್ತಾ ಕೂರಬೇಕಿಲ್ಲ ಅಲ್ವಾ? ಈಗ ಅನುಮಾನ ಇರುವ ಮಣಿಕಟ್ಟಿನ ಕೇಸುಗಳನ್ನಷ್ಟೇ ಕಳಿಸುತ್ತೇನೆ. ಕಂಪನಿಯವರ, ಹಿಮ್ಮಡಿಯಲ್ಲಿ ಮೂಳೆ ಪರೀಕ್ಷಿಸುವ ಮಷಿನ್ ತರಿಸಿ ಕ್ಯಾಂಪ್ ಕೂಡ ಮಾಡಿಸಿದೆ. ಜನ ಜಾತ್ರೆಯ ಹಾಗೆ ಸೇರಿದರು. ನನಗೆ ಬೇಕಾದವರು ಮಾತ್ರ ಇರಲಿಲ್ಲ. ವಾಕರ್ ಹಿಡಿದವರು ಕ್ಯೂ ನಿಲ್ಲುತ್ತಾರಾ?

ಆಮೇಲೆ ಕೈಕೊಟ್ಟದ್ದು ಮೂಳೆ ಸವೆತ ತಡೆಯುವ ವಾರಕ್ಕೊಂದರ ಮಾತ್ರೆ, ಅಲೆಂಡ್ರೊನೇಟ್ 70 ಮಿ.ಗ್ರಾಂ. ಅಗ್ಗ, ಕೆಲಸವೂ ಮಾಡುತ್ತದೆ. ಆದರೆ ಖಾಲಿ ಹೊಟ್ಟೆಗೆ ಲೋಟದ ತುಂಬ ನೀರು, ಮುಂದಿನ ಅರ್ಧ ಗಂಟೆ ಮಲಗಬಾರದು, ಚಾ ಕುಡಿಯಬಾರದು. ನಮ್ಮ ಕಡೆ ಎದ್ದ ಕೂಡಲೇ ಕಷಾಯವೋ ಚಾವೋ ಆಗಲೇಬೇಕು. ಥೈರಾಯ್ಡ್ ಮಾತ್ರೆ ಇದ್ದವರಿಗಂತೂ ಬೆಳಗಿನ ಖಾಲಿ ಹೊಟ್ಟೆ ಯಾವುದಕ್ಕೆ ಅನ್ನುವುದೇ ಗೊಂದಲ. 'ಕೈ ಸರಿಯಾತಲ್ಲ ಡಾಕ್ಟ್ರೇ, ಮತ್ತೆಂತಕ್ಕೆ ಮಾತ್ರೆ?' ಆರು ತಿಂಗಳಿಗೆ ಕಾಲು ಭಾಗವೂ ಉಳಿಯಲಿಲ್ಲ.

ಗೆದ್ದದ್ದು ಅದೇ ಕೆಲಸ ಮಾಡುವ ವರ್ಷಕ್ಕೊಂದರ ಇಂಜೆಕ್ಷನ್, ಜೋಲೆಡ್ರೊನಿಕ್ ಆಸಿಡ್ 5 ಮಿ.ಗ್ರಾಂ, ಒಬ್ಬ ಸಿಸ್ಟರ್, ಒಂದು ರಿಜಿಸ್ಟರ್. ಮೊದಲ ಇಂಜೆಕ್ಷನ್ನಿಗೆಂದೇ ಪೇಷಂಟನ್ನು ಬೇರೆ ದಿನ ಬಾ ಅನ್ನುವುದಿಲ್ಲ. ಹೊಲಿಗೆ ಬಿಚ್ಚಲು ಬಂದ ದಿನವೇ ಕ್ರಿಯಾಟಿನಿನ್, ಕ್ಯಾಲ್ಸಿಯಂ, ವಿಟಮಿನ್ ಡಿಗೆ ರಕ್ತ. ಡಿ ಕಡಿಮೆ ಇದ್ದರೆ 60,000 ಯೂನಿಟ್ಟಿನ ಪುಡಿ, ವಾರಕ್ಕೊಂದು. ಆರನೇ ವಾರದ ಎಕ್ಸ್‌ರೇಗೆ ಹೇಗೂ ಬರುತ್ತಾರೆ, ಅಂದೇ ಡ್ರಿಪ್. 15 ನಿಮಿಷ ಸಾಕು ಅನ್ನುತ್ತಾರೆ, ನಾನು ಅರ್ಧ ಗಂಟೆ ಬಿಡುತ್ತೇನೆ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಕ್ಲಿಯರೆನ್ಸ್ 35ಕ್ಕಿಂತ ಕೆಳಗಿದ್ದರೆ ಮುಟ್ಟುವುದಿಲ್ಲ. ಎಲೆ ಅಡಿಕೆ ಹಾಕುವ ಅಜ್ಜಿಯರ ಬಾಯಿಯನ್ನು ಪಕ್ಕದ ಹಲ್ಲಿನ ಡಾಕ್ಟರು ಮೊದಲು ನೋಡಲೇಬೇಕು. ಇಂಜೆಕ್ಷನ್ ಆದ ಮೇಲೆ ಹಲ್ಲು ಕಿತ್ತರೆ ದವಡೆ ಮಾಯದೆ ಉಳಿಯಬಹುದು, ಅದಕ್ಕೇ ಅಲ್ಲಾಡುವ ಹಲ್ಲು ಕಿತ್ತು ಗಾಯ ಮಾಯ್ದ ಮೇಲೇ ಇಂಜೆಕ್ಷನ್.

ಇಷ್ಟು ಬೇಗ ಕೊಟ್ಟರೆ ಮೂಳೆ ಕೂಡುವುದು ತಡವಾಗುತ್ತದೆ ಎಂದು ಹೆದರಿಸಿದವರಿದ್ದರು. ಸೊಂಟದ ಆಪರೇಶನ್ ಆಗಿ 90 ದಿನದೊಳಗೆ ಕೊಟ್ಟ ಟ್ರಯಲ್ 2007ರಲ್ಲೇ ಬಂದಿದೆ. ಹೊಸ ಫ್ರ್ಯಾಕ್ಚರ್ ಶೇ. 35, ಸಾವು ಶೇ. 28 ಕಡಿಮೆ. ನನ್ನಲ್ಲೂ ಕೂಡುವುದು ತಡವಾದದ್ದು ಕಂಡಿಲ್ಲ.

ಶುರುವಿನಲ್ಲಿ ಕಾಟ ಕೊಟ್ಟದ್ದು ಜ್ವರ. ಮೊದಲ ಡೋಸಿನ ಮರುದಿನ ಮೈಕೈ ನೋವು, ಚಳಿ. ಒಂದು ಊರಲ್ಲಿ ಸುದ್ದಿ ಹಬ್ಬಿ ಮೂರು ತಿಂಗಳು ಅಲ್ಲಿಂದ ಒಬ್ಬರೂ ಬರಲಿಲ್ಲ. ಈಗ ಸಿಸ್ಟರ್ ಮೊದಲೇ ಹೇಳಿ, ಪ್ಯಾರಾಸಿಟಮಾಲ್ ಕೈಗೆ ಕೊಟ್ಟು, ಮರುದಿನ ಬೆಳಗ್ಗೆ ತಾವೇ ಫೋನ್ ಮಾಡುತ್ತಾರೆ. ಫೋನ್ ಸೊಸೆಗೆ. ಅಜ್ಜಿಯ ಹೆಸರಲ್ಲಿರುವ ನಂಬರ್ ಬಹುಪಾಲು ಬೆಂಗಳೂರಿನ ಮಗನದು. ಮುಂದಿನ ವರ್ಷಕ್ಕೆ ಕರೆಯುವಾಗ ಸಿಸ್ಟರ್ ಒಂದು ಮಾತು ಹೇಳುತ್ತಾರೆ, ಅದಕ್ಕೇ ಜನ ಬರುವುದು. ಅದನ್ನು ಇಲ್ಲಿ ಬರೆಯುವುದಿಲ್ಲ!

ದುಡ್ಡಿನ ಲೆಕ್ಕ. ವಯಲ್‌ಗೆ ಛಾಪಿಸಿದ ಬೆಲೆ ನೋಡಿ ಹೆದರಬೇಡಿ, ಚೌಕಾಸಿ ಮಾಡಿ. ನನಗೆ ಎರಡು ಸಾವಿರದ ಆಸುಪಾಸಿಗೆ ಸಿಗುತ್ತದೆ, ಅದೇ ದರಕ್ಕೆ ಕೊಡುತ್ತೇನೆ. ಬೆಡ್ಡಿಗೆ 500. ಸಿಸ್ಟರ್‌ಗೆ ತಿಂಗಳಿಗೆ ಮೂರು ಸಾವಿರ ಜಾಸ್ತಿ. ಮೊದಲ ವರ್ಷ ನಲವತ್ತು ಸಾವಿರದಷ್ಟು ಕೈಯಿಂದ ಹೋಯಿತು. ಆಮೇಲೆ ಅದೇ ಮನೆಗಳಿಂದ ಮಂಡಿ, ಭುಜದ ಪೇಷಂಟುಗಳು ಬಂದು ಸರಿಹೋಯಿತು. ಆರು ತಿಂಗಳಿಗೊಮ್ಮೆ ಕೊಡುವ ಇನ್ನೊಂದು ಇಂಜೆಕ್ಷನ್, ಡೆನೊಸುಮ್ಯಾಬ್ ಮಾತ್ರ ನಾನು ಶುರುಮಾಡುವುದೇ ಇಲ್ಲ. ಒಂದು ಡೋಸ್ ತಪ್ಪಿದರೆ ಬೆನ್ನುಮೂಳೆಗಳು ಸಾಲಾಗಿ ಕುಸಿಯಬಹುದು. ಮಳೆಗಾಲದಲ್ಲಿ ನಮ್ಮ ಘಟ್ಟದ ಹಳ್ಳಿಗಳಿಂದ ತಾರೀಕು ನೋಡಿ ಯಾರು ಬರುತ್ತಾರೆ?

ಔಷಧ ಎಷ್ಟು ಕೊಟ್ಟರೂ ಬಿದ್ದರೆ ಮುರಿಯಬಹುದು. ಸೊಂಟಕ್ಕೆ ಕಟ್ಟುವ ಪ್ಯಾಡ್ ಒಂದು ಡಜನ್ ತರಿಸಿದೆ, ಸೀರೆಯೊಳಗೆ ಯಾರೂ ಕಟ್ಟಲಿಲ್ಲ. ಮೊಮ್ಮಕ್ಕಳಿಗೆ ಹೇಳಿ ರಾತ್ರಿ ಹೊತ್ತು ಮಂಚದಿಂದ ಬಚ್ಚಲವರೆಗಿನ ವಿಡಿಯೋ ವಾಟ್ಸಾಪ್‌ಗೆ ತರಿಸಿಕೊಳ್ಳುತ್ತೇನೆ. ಇದು ಚೆನ್ನಾಗಿ ಕೆಲಸ ಮಾಡಿತು. ಎತ್ತರದ ಹೊಸ್ತಿಲು, ಕೆಟ್ಟ ಬಲ್ಬು, ಸೋಪಿನ ನೀರು, ಮಡಚಿ ಬಿಟ್ಟ ಗೋಣಿಚೀಲ, ಎಲ್ಲ ಕಾಣುತ್ತದೆ. ವ್ಯಾಯಾಮ ಅಂದರೆ ಮೂಗು ಮುರಿಯುತ್ತಾರೆ. ಕುಕ್ಕರ್ ಮೂರು ಕೂಗು ಕೂಗುವವರೆಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರಿ ಅಂದರೆ ಮಾಡುತ್ತಾರೆ. ಮೇ ಕೊನೆಗೆ ಸಿಸ್ಟರ್ ಎಲ್ಲರಿಗೂ ಇನ್ನೊಂದು ಫೋನ್ ಮಾಡುತ್ತಾರೆ: ಪಾಚಿ ಕಟ್ಟುವ ಮೊದಲು ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿ.

ಗಂಡಸರದ್ದು ಇನ್ನೂ ಹಿಡಿತಕ್ಕೆ ಬಂದಿಲ್ಲ. ದಮ್ಮಿಗೆ, ಗಂಟು ನೋವಿಗೆ ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿ ಮೂಳೆ ಟೊಳ್ಳು ಮಾಡಿಕೊಂಡವರು ನನ್ನ ರಿಜಿಸ್ಟರಿನಲ್ಲೇ ಇಪ್ಪತ್ತರಷ್ಟಿದ್ದಾರೆ. ಅವರಿಗೆ ಫೋನ್ ಮಾಡಿದರೆ 'ತೋಟದಲ್ಲಿದ್ದೇನೆ' ಅಂತ ಇಟ್ಟುಬಿಡುತ್ತಾರೆ. ಈ ಸಲದ ಕೊಯ್ಲು ಮುಗಿದ ಮೇಲೆ ಹೆಂಡತಿಯರ ನಂಬರಿಗೆ ಮಾಡಿ ನೋಡಬೇಕು.