ನಾತ ಹೋಯಿತೋ, ಅಡಗಿ ಕೂತಿತೋ?

ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ನನ್ನ ಕೆಲಸ. ಒಮ್ಮೆ ಒಬ್ಬರು ವಾಸನೆ ತಡೆಯುವ ದ್ರವ ಮಾರಲು ಬಂದು ಸಂಪಿನ ಸುತ್ತ ಸಿಂಪಡಿಸಿದರು. ನಿಂಬೆಯ ಘಮ! ಎಲ್ಲರೂ ಭೇಷ್ ಅಂದೆವು. ಆಮೇಲೆ ಗ್ಯಾಸ್ ಮೀಟರ್ ಇಳಿಬಿಟ್ಟು ನೋಡಿದರೆ ಕೊಳೆತ ಮೊಟ್ಟೆಯ ನಾತದ ವಿಷಗ್ಯಾಸ್ ಹೈಡ್ರೋಜನ್ ಸಲ್ಫೈಡ್ ಮೊದಲಿದ್ದಷ್ಟೇ ಇತ್ತು. ಅದು ಬರೀ ಮೋಸವಲ್ಲ, ಅಪಾಯ. ಈ ಗ್ಯಾಸ್ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ಮುಟ್ಟುವ ಹೊತ್ತಿಗೆ ಮೂಗೇ ಸತ್ತುಹೋಗುತ್ತದೆ. ಅದಕ್ಕೆ ಮೊದಲು ಸಿಗುವ ಎಚ್ಚರಿಕೆಯನ್ನೂ ನಿಂಬೆ ಮುಚ್ಚಿಬಿಟ್ಟರೆ ಏನು ಗತಿ?

ಈಗ ನಾನು ಮೊದಲು ಕೇಳುವುದು ಸುರಕ್ಷತಾ ಮಾಹಿತಿ ಪತ್ರ. ಅದರಲ್ಲಿ 16 ಭಾಗಗಳಿರುತ್ತವೆ. 3ನೇ ಭಾಗದಲ್ಲಿ ಒಳಗೇನಿದೆ, 10ರಲ್ಲಿ ಯಾವುದರ ಜೊತೆ ಸೇರಬಾರದು ಅಂತ ನೋಡಿ. ಬ್ಲೀಚ್ ಇರುವ ದ್ರವಕ್ಕೆ ಆಸಿಡ್ ತಾಗಿದರೆ ಕ್ಲೋರಿನ್ ಏಳುತ್ತದೆ. ಆಸಿಡ್ ಗುಣದ ದ್ರವವನ್ನು ಸಲ್ಫೈಡ್ (ನೀರಲ್ಲಿ ಕರಗಿ ಕೂತ ಇದೇ ಗ್ಯಾಸಿನ ರೂಪ) ಇರುವ ಸಂಪಿಗೆ ಸುರಿದರೆ, ಯಾವ ಗ್ಯಾಸ್ ತಡೆಯಬೇಕಿತ್ತೋ ಅದೇ ಭುಗ್ಗನೆ ಮೇಲೆ ಬರುತ್ತದೆ.

ಇನ್ನು ಜಾರ್ ಪರೀಕ್ಷೆ. ಬಯಲಲ್ಲಿ ಮಾಡಿ, ಮೀಟರ್ ಮೈಮೇಲಿರಲಿ. ಒಂದೇ ಅಳತೆಯ ನಾಲ್ಕು ಗಾಜಿನ ಜಾರ್ ತಗೊಳ್ಳಿ. ಮೂರರಲ್ಲಿ ಅರ್ಧದಷ್ಟು ಕೊಳಚೆ ನೀರು. ಒಂದಕ್ಕೆ ಏನೂ ಬೇಡ, ಇನ್ನೊಂದಕ್ಕೆ ಡೋಸ್‌ನಷ್ಟೇ ಸಾದಾ ನೀರು, ಮೂರನೆಯದಕ್ಕೆ ದ್ರವ. ನಾಲ್ಕನೆಯದರಲ್ಲಿ ಶುದ್ಧ ನೀರು ಮತ್ತು ದ್ರವ ಮಾತ್ರ. ಸುಮ್ನೆ ಅಲ್ಲ ಇದು. ಕೆಲವು ರಾಸಾಯನಿಕಗಳು ಮೀಟರ್‌ನ ಸೆನ್ಸರ್‌ಗೇ ಗೊಂದಲ ಹುಟ್ಟಿಸುತ್ತವೆ, ಅದು ಇಲ್ಲಿ ಗೊತ್ತಾಗುತ್ತದೆ. ಮುಚ್ಚಳದ ತೂತಿನಿಂದ ಅರ್ಧ ಗಂಟೆ ಆದಮೇಲೆ, ನಾಲ್ಕು ಗಂಟೆ ಆದಮೇಲೆ, ಮತ್ತೆ ಮರುದಿನ ಅಳೆಯಿರಿ. ಮುಚ್ಚಳ ತೆಗೆದು ಮೂಸಬೇಡಿ.

ಮೀಟರ್ ಇಳಿಯಿತು ಅಂತ ಕುಣಿಯುವ ಮುಂಚೆ ನೀರಿನ ಪಿಎಚ್ (7ಕ್ಕಿಂತ ಕೆಳಗೆ ಆಸಿಡ್ ಗುಣ, ಮೇಲೆ ಸುಣ್ಣದ ಗುಣ) ನೋಡಿ. ನಾನು ಎಡವಿದ್ದು ಇಲ್ಲೇ. ಪಿಎಚ್ 7ರ ಆಸುಪಾಸಿನಲ್ಲಿ ನೀರಿನ ಸಲ್ಫೈಡ್‌ನಲ್ಲಿ ಸುಮಾರು ಅರ್ಧ, ಹೊರಗೆ ಹಾರಬಲ್ಲ ರೂಪದಲ್ಲಿರುತ್ತದೆ. 9ಕ್ಕೆ ಏರಿಸಿದರೆ ಅದು ನೂರಕ್ಕೆ ಒಂದರಷ್ಟು. ಅಂದರೆ ಸುಣ್ಣದ ಗುಣದ ಯಾವ ದ್ರವವಾದರೂ ಗ್ಯಾಸನ್ನು ನೀರಲ್ಲೇ ಮಲಗಿಸಿಡುತ್ತದೆ. ಮುಂದೆ ಪಿಎಚ್ ಇಳಿದ ಕಡೆ ಎದ್ದು ಬರುತ್ತದೆ. ಹಾಗಾಗಿ ಪಿಎಚ್ ಏರಿದ್ದರೆ ನೀರಿನ ಒಟ್ಟು ಸಲ್ಫೈಡನ್ನು ಲ್ಯಾಬ್‌ನಲ್ಲಿ ಅಳೆಸಿ. ನೀವೇ ಆಸಿಡ್ ಹಾಕಿ ಪರೀಕ್ಷಿಸಲು ಹೋಗಬೇಡಿ. ಅಮೋನಿಯಾಗೆ ಲೆಕ್ಕ ಉಲ್ಟಾ: ಅದನ್ನು ಮಲಗಿಸುವುದು ಆಸಿಡ್.

ಮೂಗೂ ಬೇಕು ಅನ್ನಿ. ಸಾಮಾನ್ಯ ಮೀಟರ್ 1 ಪಿಪಿಎಂಗಿಂತ ಕೆಳಗೆ ಕುರುಡು, ಮೂಗು ಅದರ ನೂರನೇ ಒಂದು ಪಾಲನ್ನೂ ಹಿಡಿಯುತ್ತದೆ. ಆದರೆ ದಿನವೂ ಅಲ್ಲೇ ಇರುವ ನಮ್ಮ ಮೂಗು ಸಾಕ್ಷಿಗೆ ಬರುವುದಿಲ್ಲ. ವಾಸನೆ ಅಳೆಯುವ ಯುರೋಪಿನ ಇಎನ್ 13725 ವಿಧಾನದ ಲ್ಯಾಬ್‌ಗೆ ಗಾಳಿಯ ಚೀಲ ಕಳಿಸಿ. ಅಲ್ಲಿ ಬ್ಯೂಟನಾಲ್ (ಮೂಗಿನ ಚುರುಕು ಪರೀಕ್ಷಿಸಲು ಬಳಸುವ ವಾಸನೆಯ ರಾಸಾಯನಿಕ) ಮೂಸಿಸಿ ಆರಿಸಿದ ತಂಡಕ್ಕೆ, ಶುದ್ಧ ಗಾಳಿ ಬೆರೆಸಿ ತೆಳುವಾಗಿಸಿದ ಮಾದರಿಯನ್ನು ಕೊಡುತ್ತಾರೆ. ತಂಡದ ಅರ್ಧದಷ್ಟು ಜನ ಮಾತ್ರ ಗುರುತಿಸುವ ಹಂತಕ್ಕೆ ಎಷ್ಟು ಪಟ್ಟು ತೆಳುವಾಗಿಸಬೇಕಾಯಿತು ಎಂಬುದೇ ಅಂಕಿ. ದ್ರವ ಹಾಕುವ ಮೊದಲಿನ ಚೀಲ, ಹಾಕಿದ ನಂತರದ ಚೀಲ, ಎರಡನ್ನೂ ಕಳಿಸಿ. ಮೇಲೆ ಬರೀ ನಂಬರ್ ಬರೆಯಿರಿ, ಯಾವುದು ಯಾವುದೆಂದು ಹೇಳಬೇಡಿ.