ಬೆಳಗಾವಿಯಿಂದ ಮೈಸೂರಿಗೆ ಆಕಾಶದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನೂ ಹಾರಾಟದ ಅವಧಿಯನ್ನೂ ಕಾಗದ, ಪೆನ್ನು ಮತ್ತು ಮೊಬೈಲಿನ ಕ್ಯಾಲ್ಕ್ಯುಲೇಟರ್ ಹಿಡಿದು ನಾವೇ ಲೆಕ್ಕ ಹಾಕಬಹುದು. ಬೆಳಗಾವಿ ಮತ್ತು ಮೈಸೂರು ನಿಲ್ದಾಣಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮೊದಲು ಎರಡೂ ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶಗಳನ್ನು ಬರೆದುಕೊಳ್ಳಿ. ಊರಿನ ನಡುಭಾಗದ ಅಂಕಿಗಳು ಇಲ್ಲಿ ಬೇಡ. ಬೆಳಗಾವಿಯ ನಿಲ್ದಾಣ ಸಾಂಬ್ರಾದಲ್ಲಿದೆ, ಮೈಸೂರಿನದು ಮಂಡಕಳ್ಳಿಯಲ್ಲಿದೆ. ಸಾಂಬ್ರಾ ಸುಮಾರು 15.86 ಡಿಗ್ರಿ ಉತ್ತರ, 74.62 ಡಿಗ್ರಿ ಪೂರ್ವ, ಮಂಡಕಳ್ಳಿ 12.23 ಉತ್ತರ, 76.66 ಪೂರ್ವ. ನಕ್ಷೆಯಲ್ಲಿ 15 ಡಿಗ್ರಿ 51 ನಿಮಿಷ ಎಂದಿದ್ದರೆ 51ನ್ನು 60ರಿಂದ ಭಾಗಿಸಿ 15.85 ಎಂದು ಬರೆಯಬೇಕು. ಅವಸರದಲ್ಲಿ 15.51 ಎಂದು ಬರೆದರೆ ಲೆಕ್ಕದಲ್ಲಿ ಸಾಂಬ್ರಾ 38 ಕಿ.ಮೀ.ನಷ್ಟು ದಕ್ಷಿಣಕ್ಕೆ ಸರಿದುಬಿಡುತ್ತದೆ.

ಅಕ್ಷಾಂಶದ ಒಂದು ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 111 ಕಿ.ಮೀ. ಈಗ ಅಕ್ಷಾಂಶಗಳ ವ್ಯತ್ಯಾಸವಾದ 3.63ನ್ನು 111ರಿಂದ ಗುಣಿಸಿದರೆ ಉತ್ತರ–ದಕ್ಷಿಣದ ಅಂತರ 403 ಕಿ.ಮೀ. ಸಿಗುತ್ತದೆ. ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಹತ್ತಿರವಾಗುವುದರಿಂದ, ಅವುಗಳ ವ್ಯತ್ಯಾಸವಾದ 2.04ನ್ನು 111ರಿಂದ ಗುಣಿಸಿದ ಮೇಲೆ ಸರಾಸರಿ ಅಕ್ಷಾಂಶದ (ಇಲ್ಲಿ 14 ಡಿಗ್ರಿ) ಕೊಸೈನ್ ಆದ 0.97ರಿಂದ ಮತ್ತೊಮ್ಮೆ ಗುಣಿಸಬೇಕು. ಆಗ 220 ಕಿ.ಮೀ. ಬರುತ್ತದೆ. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಉತ್ತರ 459 ಕಿ.ಮೀ.; ಅದನ್ನು 1.852ರಿಂದ ಭಾಗಿಸಿದರೆ ವಿಮಾನಯಾನದಲ್ಲಿ ಬಳಸುವ ಅಳತೆಯಲ್ಲಿ ಸುಮಾರು 248 ನಾಟಿಕಲ್ ಮೈಲಿ. ರಸ್ತೆಯಲ್ಲಾದರೆ ಇದು 500 ಕಿ.ಮೀ. ದಾಟುತ್ತದೆ. ಖಂಡಾಂತರ ದೂರಗಳಿಗೆ ಈ ಸರಳ ವಿಧಾನ ಸಾಲದು, ರಾಜ್ಯದೊಳಗಿನ ದೂರಕ್ಕೆ ಧಾರಾಳವಾಗಿ ಸಾಕು.

ಹೆಚ್ಚಿನವರು ಎಡವುವುದು ಸಮಯದ ಲೆಕ್ಕದಲ್ಲಿ. ಮೈಸೂರಿನ ರನ್‌ವೇ 1,740 ಮೀಟರ್ ಮಾತ್ರ ಉದ್ದವಿರುವುದರಿಂದ ಇಲ್ಲಿಗೆ ಹೊಂದುವುದು ಎಟಿಆರ್ 72ರಂಥ ಪ್ರೊಪೆಲರ್ ವಿಮಾನ. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಭಾಗಿಸಿದರೆ 55 ನಿಮಿಷ. ಆದರೆ ಏರುವಾಗಲೂ ಇಳಿಯುವಾಗಲೂ ವಿಮಾನ ಆ ವೇಗದಲ್ಲಿರುವುದಿಲ್ಲ. ಜೊತೆಗೆ ದಾರಿ ಉತ್ತರ–ದಕ್ಷಿಣವಾಗಿದ್ದರೂ ಎರಡೂ ಕಡೆಯ ರನ್‌ವೇಗಳು ಹೆಚ್ಚುಕಡಿಮೆ ಪೂರ್ವ–ಪಶ್ಚಿಮಕ್ಕೆ ಮುಖಮಾಡಿವೆ. ಹಾಗಾಗಿ ವಿಮಾನ ಹೊರಟ ಮೇಲೂ ಇಳಿಯುವ ಮುನ್ನವೂ ತಿರುವು ತೆಗೆದುಕೊಳ್ಳಲೇಬೇಕು. ಇದಕ್ಕೆಲ್ಲ 10ರಿಂದ 15 ನಿಮಿಷ ಸೇರಿಸಿ. ಎದುರುಗಾಳಿ ಗಂಟೆಗೆ 40 ಕಿ.ಮೀ. ಇದ್ದರೆ ಇನ್ನೊಂದು 5 ನಿಮಿಷ.

ಟಿಕೆಟ್‌ನಲ್ಲಿ ಮುದ್ರಿಸುವುದು ಹಾರಾಟದ ಅವಧಿಯನ್ನಲ್ಲ, ನಿಂತ ಜಾಗದಿಂದ ವಿಮಾನ ಕದಲಿದ ಗಳಿಗೆಯಿಂದ ಮತ್ತೆ ನಿಲ್ಲುವವರೆಗಿನ ‘ಬ್ಲಾಕ್ ಟೈಮ್’ ಅನ್ನು. ನೆಲದ ಮೇಲೆ ಸಾಗುವುದಕ್ಕೆ ಎರಡೂ ತುದಿಯಲ್ಲಿ ಐದೈದು ನಿಮಿಷ ಹಿಡಿದರೆ ಒಟ್ಟು 1 ಗಂಟೆ 15ರಿಂದ 20 ನಿಮಿಷವಾಗುತ್ತದೆ. ಗಂಟೆಗೆ 830 ಕಿ.ಮೀ. ಹಾರುವ ಜೆಟ್ ಇದೇ ದೂರವನ್ನು ಕ್ರಮಿಸಿದರೂ ಉಳಿತಾಯವಾಗುವುದು 20 ನಿಮಿಷವಷ್ಟೆ, ಏಕೆಂದರೆ ಏರಿಳಿತ ಮತ್ತು ನೆಲದ ಓಡಾಟದ ಹೊತ್ತು ವೇಗದೊಂದಿಗೆ ಕಡಿಮೆಯಾಗುವುದಿಲ್ಲ.

ಮಂಗಳೂರು–ದುಬೈನಂಥ ಮಾರ್ಗಕ್ಕೆ ಇದೇ ಲೆಕ್ಕವನ್ನು ಟಿಕೆಟ್ ಜೊತೆ ತಾಳೆ ನೋಡುವವರು ಒಂದೂವರೆ ಗಂಟೆಯ ಸಮಯ ವ್ಯತ್ಯಾಸವನ್ನು ಮರೆಯಬಾರದು: ದುಬೈ ಗಡಿಯಾರ ನಮಗಿಂತ ಹಿಂದಿರುವುದರಿಂದ, ಹೋಗುವಾಗ ಇಳಿಯುವ ವೇಳೆಗೆ ಒಂದೂವರೆ ಗಂಟೆ ಕೂಡಿಸಿ, ಆಮೇಲೆ ಹೊರಡುವ ವೇಳೆಯನ್ನು ಕಳೆಯಬೇಕು.