ಉಳಿದ ದುಡ್ಡು ಯಾರು ಕೊಡ್ತಾರೆ? ಅಮೆರಿಕದಲ್ಲಿ ಕಾರಿಗೆ ಇನ್ಶೂರೆನ್ಸ್ ಆರಿಸಿಕೊಂಡ ನನ್ನ ಅನುಭವ

ಊರಿನಲ್ಲಿ ಕಾರಿಗೆ ಇನ್ಶೂರೆನ್ಸ್ ಮಾಡಿಸುವಾಗ ನಾವು ಕೇಳುತ್ತಿದ್ದದ್ದು ಒಂದೇ: ಥರ್ಡ್ ಪಾರ್ಟಿ ಸಾಕಾ, ಫುಲ್ ಇನ್ಶೂರೆನ್ಸ್ ಬೇಕಾ? 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ಇಲ್ಲದೆ ಗಾಡಿ ರಸ್ತೆಗೆ ಇಳಿಸುವ ಹಾಗಿಲ್ಲ. ಹಣ ಉಳಿಸಬೇಕೆನ್ನುವವರು, ಹಳೆಯ ಗಾಡಿ ಇಟ್ಟುಕೊಂಡವರು ಅಷ್ಟನ್ನೇ ಮಾಡಿಸಿ ಸುಮ್ಮನಾಗುತ್ತಾರೆ. ಆದರೆ ಆ ಅಗ್ಗದ ಪಾಲಿಸಿಯಲ್ಲೇ ಒಂದು ದೊಡ್ಡ ರಕ್ಷಣೆ ಇದೆ. ನಮ್ಮ ಗಾಡಿಯಿಂದ ಬೇರೆ ಯಾರಾದರೂ ಸತ್ತರೆ, ಗಾಯಗೊಂಡರೆ ಕಂಪನಿ ಕೊಡಬೇಕಾದ ಪರಿಹಾರಕ್ಕೆ ಮೇಲ್ಮಿತಿ ಇಲ್ಲ. ಎಂಎಸಿಟಿ (ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ) ಎಷ್ಟು ಕೊಡಿ ಎಂದು ತೀರ್ಪು ಬರೆಯುತ್ತದೋ ಅಷ್ಟನ್ನು ಕಂಪನಿ ಕಟ್ಟುತ್ತದೆ. ಬೇರೆಯವರ ಆಸ್ತಿಗೆ ಆದ ಹಾನಿಗೆ ಮಾತ್ರ ಖಾಸಗಿ ಕಾರಿನ ಪಾಲಿಸಿಯಲ್ಲಿ 7.5 ಲಕ್ಷ ರೂಪಾಯಿಯ ಮಿತಿ. ಲೈಸೆನ್ಸ್ ಇಲ್ಲದವರು ಓಡಿಸಿದಂಥ ಪ್ರಕರಣಗಳಲ್ಲಿ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಬಹುದು, ಅದು ಬೇರೆ ಮಾತು.

ಈ ರೂಢಿ ತಲೆಯಲ್ಲಿ ಇರುವವರು ಅಮೆರಿಕಕ್ಕೆ ಬಂದು ಕಾರು ಕೊಂಡಾಗ ಅಪಾಯ ಶುರುವಾಗುತ್ತದೆ. ಇಲ್ಲಿ ಕಾನೂನು ಕೇಳುವ ಕನಿಷ್ಠ ಇನ್ಶೂರೆನ್ಸ್ ನಮ್ಮ ಥರ್ಡ್ ಪಾರ್ಟಿಯಂತೆಯೇ ಕಾಣುತ್ತದೆ. ಆದರೆ ಗಾಯಾಳುವಿಗೆ ಕೊಡುವ ಹಣಕ್ಕೂ ಇಲ್ಲಿ ಮಿತಿ ಇದೆ, ಆ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಮಿತಿ ಮೀರಿದ್ದು ಓಡಿಸಿದವರ ತಲೆಯ ಮೇಲೆ.

ನಾನು 2023ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದೆ. ಆನ್‌ಲೈನಿನಲ್ಲಿ ಕೋಟ್ (ಕಂಪನಿ ಹೇಳುವ ಪ್ರೀಮಿಯಂ ದರ) ತೆಗೆದಾಗ ಎಲ್ಲಕ್ಕಿಂತ ಕಡಿಮೆ ಪ್ರೀಮಿಯಂ ತೋರಿಸಿದ್ದು 'ಸ್ಟೇಟ್ ಮಿನಿಮಮ್' ಎಂಬ ಆಯ್ಕೆ. ಪಕ್ಕದಲ್ಲಿ 15/30/5 ಎಂದಿತ್ತು. ಈ ಅಂಕಿಗಳು ಸಾವಿರ ಡಾಲರ್ ಲೆಕ್ಕದಲ್ಲಿ. ಮೊದಲನೆಯದು, ಅಪಘಾತದಲ್ಲಿ ಗಾಯಗೊಂಡ ಒಬ್ಬ ವ್ಯಕ್ತಿಗೆ ಕಂಪನಿ ಕೊಡುವ ಗರಿಷ್ಠ. ಎರಡನೆಯದು, ಆ ಅಪಘಾತದಲ್ಲಿ ಎಷ್ಟೇ ಜನ ಗಾಯಗೊಂಡಿರಲಿ, ಎಲ್ಲರಿಗೂ ಸೇರಿ ಕೊಡುವ ಗರಿಷ್ಠ. ಮೂರನೆಯದು, ಎದುರಿನವರ ಕಾರು, ಬೇಲಿ, ಗೋಡೆ ಇಂಥ ಆಸ್ತಿಗೆ. ನನ್ನ ಕಾರಿಗೆ, ನನ್ನ ಆಸ್ಪತ್ರೆ ಖರ್ಚಿಗೆ ಇದರಲ್ಲಿ ಒಂದು ಡಾಲರೂ ಇಲ್ಲ.

ಅಪ್ಪ ದಾವಣಗೆರೆ ಕಡೆಯ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಅಪಘಾತ ಪರಿಹಾರದ ಕಡತಗಳನ್ನು ತುಂಬಾ ನೋಡಿದ್ದಾರೆ. ಫೋನಿನಲ್ಲಿ ಈ ಮೂರು ಅಂಕಿ ಹೇಳಿದಾಗ ಅವರು ಕೇಳಿದ್ದು ಇಷ್ಟೇ: "ಅಲ್ಲಪ್ಪಾ, ಜಡ್ಜು ಅದಕ್ಕಿಂತ ಜಾಸ್ತಿ ಕೊಡಿ ಅಂದ್ರೆ ಉಳಿದ ದುಡ್ಡು ಯಾರು ಕೊಡ್ತಾರೆ?" ಪಾಲಿಸಿ ಓದುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ನನ್ನದೇ ತಪ್ಪಿನಿಂದ ಒಂದು ಡಿಕ್ಕಿ ಆಯಿತು ಅಂತಿಟ್ಟುಕೊಳ್ಳೋಣ. ಎದುರಿನ ಕಾರಿನಲ್ಲಿ ಮೂವರು. ಒಬ್ಬರ ಪರಿಹಾರ 40,000 ಡಾಲರ್, ಇನ್ನೊಬ್ಬರದು 25,000, ಮಗುವಿಗೆ 10,000. ಅವರ 45,000 ಡಾಲರಿನ ಕಾರು ಪೂರ್ತಿ ಹಾಳು. ಎಮರ್ಜೆನ್ಸಿ ರೂಮು, ಸ್ಕ್ಯಾನು, ಮೂಳೆ ಕೂಡಿಸುವ ಆಪರೇಷನ್ನು ಎಂದರೆ ಇಲ್ಲಿ ಬಿಲ್ಲು ಎಷ್ಟು ಬೆಳೆಯುತ್ತದೆ ಎಂದು ಬಲ್ಲವರಿಗೆ ಇವು ಅತಿಯಾದ ಅಂಕಿಗಳಲ್ಲ. 15/30/5ರ ಪಾಲಿಸಿ ಗಾಯಾಳುಗಳಿಗೆ ಒಟ್ಟು 30,000, ಕಾರಿಗೆ 5,000 ಕೊಟ್ಟು ಕೈತೊಳೆದುಕೊಳ್ಳುತ್ತದೆ. ಬಾಕಿ 85,000 ಡಾಲರ್. ಅದಕ್ಕೆ ಅವರು ನನ್ನ ಮೇಲೆ ದಾವೆ ಹೂಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಹಣದ ತೀರ್ಪಿಗೆ 10 ವರ್ಷ ಆಯುಸ್ಸು, ಆಮೇಲೆ ನವೀಕರಿಸಲೂಬಹುದು. ಸಂಬಳದ ಒಂದು ಪಾಲನ್ನೇ ಮುರಿದುಕೊಳ್ಳುವಂತೆ ಆದೇಶ ತರಬಹುದು. ಸಂಬಳವನ್ನೇ ನಂಬಿ ಬಂದ, ವೀಸಾ ಮೇಲೆ ಇರುವ ಕುಟುಂಬಕ್ಕೆ ಇದು ಎಂಥ ಹೊರೆ ಎಂದು ಯೋಚಿಸಿ.

ಅದೇ ಹಾಳೆಯಲ್ಲಿ ಬೇರೆ ಬೇರೆ ಮಿತಿ ಹಾಕಿ ನೋಡಿದೆ, ಪ್ರತಿಯೊಂದಕ್ಕೂ ಕೋಟ್ ತರಿಸಿದೆ. 100/300/50ಕ್ಕೆ ಹೋದರೆ ಆ ಡಿಕ್ಕಿಯ ಅಷ್ಟೂ ಹಣ ಕಂಪನಿಯದೇ. ಅಲ್ಲಿಂದ 250/500/100ಕ್ಕೆ ಏರಲು ಪ್ರೀಮಿಯಂ ಹೆಚ್ಚಿದ್ದು ಬಹಳ ಕಡಿಮೆ. ಮಿತಿ ಎರಡು ಪಟ್ಟಾದರೆ ಪ್ರೀಮಿಯಂ ಎರಡು ಪಟ್ಟಾಗುವುದಿಲ್ಲ. ದೊಡ್ಡ ಕ್ಲೇಮುಗಳು ಅಪರೂಪ, ಹಾಗಾಗಿ ಮೇಲಿನ ಮೆಟ್ಟಿಲುಗಳು ಅಗ್ಗ. ನಾನು 250/500/100 ತೆಗೆದುಕೊಂಡೆ. ಅದಕ್ಕೆ ಬೇಕಾದ ದುಡ್ಡನ್ನು ನನ್ನ ಸ್ವಂತ ಕಾರಿನ ಕಡೆಯಿಂದ ಹೊಂದಿಸಿದೆ. ಡಿಕ್ಕಿಯಲ್ಲಿ ನನ್ನ ಕಾರಿಗೆ ಆಗುವ ಹಾನಿಗೆ ಇರುವ ಕೊಲಿಷನ್ ಭಾಗದ ಡಿಡಕ್ಟಿಬಲ್ಲನ್ನು, ಅಂದರೆ ಕ್ಲೇಮಿನಲ್ಲಿ ಮೊದಲು ನಾನೇ ಭರಿಸಬೇಕಾದ ಮೊತ್ತವನ್ನು, 500ರಿಂದ 1,000 ಡಾಲರಿಗೆ ಏರಿಸಿದೆ. ಬಂಪರ್ ಒಡೆದರೆ 1,000 ಡಾಲರ್ ಹೇಗೋ ಹೊಂದಿಸಬಹುದು, 85,000 ಹೊಂದಿಸಲಾಗದು. ಕೊಲಿಷನ್, ಕಾಂಪ್ರಿಹೆನ್ಸಿವ್ (ಕಳವು, ಬೆಂಕಿಯಂಥ ಹಾನಿಗೆ) ಎರಡನ್ನೂ ಕೇಳುವುದು ರಾಜ್ಯವಲ್ಲ, ಸಾಲ ಕೊಟ್ಟ ಬ್ಯಾಂಕು. ಸಾಲ ತೀರಿದ ಹಳೆಯ ಕಾರಿಗೆ ಅವನ್ನು ಬಿಡುವುದೂ ಸರಿಯಾದ ನಿರ್ಧಾರ ಇರಬಹುದು.

ಹೆಚ್ಚಿನವರು ಕೈಬಿಡುವ ಸಾಲು ಇನ್ನೊಂದಿದೆ, ನನ್ನ ಮಟ್ಟಿಗೆ ಅದೇ ಮುಖ್ಯ. ನಾನು ಎಷ್ಟೇ ದೊಡ್ಡ ಪಾಲಿಸಿ ತೆಗೆದುಕೊಂಡರೂ ಎದುರಿನಿಂದ ಬಂದು ನನಗೆ ಗುದ್ದುವವನ ಹತ್ತಿರ ಬರೀ ಮಿನಿಮಮ್ ಇರಬಹುದು, ಅದೂ ಇಲ್ಲದಿರಬಹುದು. ಆಗ ನನ್ನ ಹೆಂಡತಿ ಮಕ್ಕಳ ಚಿಕಿತ್ಸೆಗೆ, ಕೆಲಸಕ್ಕೆ ಹೋಗಲಾಗದ ತಿಂಗಳುಗಳಿಗೆ ದಿಕ್ಕು ಯಾವುದು? ಅದಕ್ಕೇ ಅನ್‌ಇನ್ಶೂರ್ಡ್ ಮತ್ತು ಅಂಡರ್‌ಇನ್ಶೂರ್ಡ್ ಮೋಟರಿಸ್ಟ್ ಕವರ್. ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಇದನ್ನು ಕೊಡುತ್ತೇವೆಂದು ಹೇಳಲೇಬೇಕು, ಬೇಡವಾದರೆ ನಾವು ಲಿಖಿತವಾಗಿ ಬೇಡ ಎನ್ನಬೇಕು. ಆನ್‌ಲೈನಿನಲ್ಲಿ ಆ ಬೇಡ ಎನ್ನುವುದು ಒಂದು ಟಿಕ್ ಮಾರ್ಕಿನಷ್ಟು ಸುಲಭ, ಅಗ್ಗದ ಕೋಟ್ ಬೇಕೆಂದು ಜನ ಅಲ್ಲೇ ಒತ್ತಿಬಿಡುತ್ತಾರೆ. ನಾನು ಇದನ್ನೂ 250/500 ಎಂದೇ ಇಟ್ಟೆ.

ಇನ್ಶೂರೆನ್ಸ್ ಇಲ್ಲದೆ ಓಡಿಸುವವರಿಗೆ ಅಲ್ಲಿ ಇನ್ನೊಂದು ಪೆಟ್ಟೂ ಇದೆ. 1996ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 213 ಎಂಬ ಕಾನೂನಿನ ಪ್ರಕಾರ, ತಪ್ಪು ಎದುರಿನವರದ್ದೇ ಆಗಿದ್ದರೂ ಇನ್ಶೂರೆನ್ಸ್ ಇಲ್ಲದ ಚಾಲಕನಿಗೆ ನೋವು, ಸಂಕಟಕ್ಕೆಂದು ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ಆಸ್ಪತ್ರೆ ಖರ್ಚು, ಕಳೆದುಹೋದ ಸಂಬಳದಂಥದ್ದು ಮಾತ್ರ.

ಅಪ್ಪ ಅಮ್ಮ ಬೇಸಿಗೆಯಲ್ಲಿ ಬರುವ ಮುಂಚೆ ಏಜೆಂಟರಿಗೆ ಫೋನು ಮಾಡಿ ಒಂದು ವಿಷಯ ಖಚಿತ ಮಾಡಿಕೊಂಡೆ. ನನ್ನ ಅನುಮತಿಯಿಂದ ಬೇರೆಯವರು ಕಾರು ಓಡಿಸಿದರೆ ನನ್ನ ಮಿತಿಯೇ ಅವರಿಗೂ ಅನ್ವಯಿಸುತ್ತದೆಯೇ? ಕೆಲವು ಪಾಲಿಸಿಗಳಲ್ಲಿ ಅಂಥ ಚಾಲಕರಿಗೆ ಮಿತಿ ರಾಜ್ಯದ ಕನಿಷ್ಠಕ್ಕೆ ಇಳಿದುಬಿಡುತ್ತದೆ. ನನ್ನದರಲ್ಲಿ ಇಳಿಯುವುದಿಲ್ಲವೆಂದು ಇಮೇಲಿನಲ್ಲಿ ಬರೆಸಿಕೊಂಡೆ. ಊರಿನಿಂದ ತಂದೆತಾಯಿ, ಅತ್ತೆಮಾವ ಬಂದು ಹೋಗುವ ಮನೆಗಳಲ್ಲಿ ಇದನ್ನು ಕೇಳಲೇಬೇಕು.

2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದ ಕನಿಷ್ಠ ಮಿತಿ 30/60/15 ಆಯಿತು. ಹಳೆಯ 15/30/5 1967ರಿಂದ ಹಾಗೇ ಇತ್ತು. ಅರ್ಧ ಶತಮಾನದಲ್ಲಿ ಆಸ್ಪತ್ರೆ ಖರ್ಚು, ಕಾರಿನ ಬೆಲೆ ಎಲ್ಲಿಗೆ ಹೋಯಿತು, ಮಿತಿ ಎಲ್ಲಿ ನಿಂತಿತ್ತು! 2035ಕ್ಕೆ ಇದು 50/100/25 ಆಗಲಿದೆ. ನನ್ನ ಹಾಳೆಯ ಡಿಕ್ಕಿಗೆ ಹೊಸ ಮಿತಿ ಹಾಕಿ ನೋಡಿದೆ: ಬಾಕಿ 85,000ದಿಂದ 45,000ಕ್ಕೆ ಇಳಿಯಿತು. ಒಳ್ಳೆಯದೇ, ಆದರೂ 45,000 ಡಾಲರ್ ಸಣ್ಣ ಮೊತ್ತವಲ್ಲ.

2025ರಲ್ಲೇ ಕೆಲಸದ ನಿಮಿತ್ತ ಟೆಕ್ಸಾಸಿಗೆ, ಡಲ್ಲಾಸ್ ಪಕ್ಕದ ಪ್ಲೇನೋಗೆ ಬಂದೆವು. ರಾಜ್ಯ ಬದಲಾದರೆ ಪಾಲಿಸಿ ಹೊಸದಾಗಿ ಓದಬೇಕು. ಟೆಕ್ಸಾಸಿನ ಕನಿಷ್ಠ 30/60/25. ಹೊಸದಾಗಿ ಬಂದವರು 30 ದಿನದೊಳಗೆ ಗಾಡಿ ನೋಂದಾಯಿಸಬೇಕು, ಅದಕ್ಕೆ ಇಲ್ಲಿನ ಇನ್ಶೂರೆನ್ಸ್ ತೋರಿಸಬೇಕು. ಹೊಸ ಪಾಲಿಸಿ ಜಾರಿಯಾದ ಮೇಲೆಯೇ ಹಳೆಯದನ್ನು ನಿಲ್ಲಿಸಿದೆ, ನಡುವೆ ಒಂದು ದಿನವೂ ಖಾಲಿ ಬಿಡಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಪ್ರೀಮಿಯಂಗೆ ಕ್ರೆಡಿಟ್ ಸ್ಕೋರ್ ಬಳಸುವಂತಿಲ್ಲ, ಟೆಕ್ಸಾಸಿನಲ್ಲಿ ಬಳಸುತ್ತಾರೆ. ಇಲ್ಲಿನ ಕ್ರೆಡಿಟ್ ಸ್ಕೋರ್ ಇನ್ನೂ ಇಲ್ಲದೆ, ಆಗತಾನೆ ಭಾರತದಿಂದ ನೇರ ಟೆಕ್ಸಾಸಿಗೆ ಬರುವವರು ಇದನ್ನು ಮೊದಲೇ ತಿಳಿದಿದ್ದರೆ ಕೋಟ್ ನೋಡಿ ಗಾಬರಿಯಾಗುವುದಿಲ್ಲ, ಮೂರ್ನಾಲ್ಕು ಕಡೆ ವಿಚಾರಿಸುತ್ತಾರೆ.

ಇಲ್ಲಿ ಹೊಸದಾಗಿ ಸಿಕ್ಕಿದ್ದು ಪಿಐಪಿ, ಅಂದರೆ ಪರ್ಸನಲ್ ಇಂಜುರಿ ಪ್ರೊಟೆಕ್ಷನ್. ತಪ್ಪು ಯಾರದ್ದೇ ಇರಲಿ, ನನಗೂ ನನ್ನ ಕಾರಿನಲ್ಲಿ ಕೂತವರಿಗೂ ಚಿಕಿತ್ಸೆಯ ಹಣ ಮತ್ತು ಕಳೆದುಹೋದ ಸಂಬಳದ 80 ಶೇಕಡಾ, ಮಿತಿಯೊಳಗೆ, ಇದರಿಂದ ಬರುತ್ತದೆ. ಕನಿಷ್ಠ 2,500 ಡಾಲರಿನ ಪಿಐಪಿಯನ್ನು ಪ್ರತಿ ಪಾಲಿಸಿಯಲ್ಲೂ ಕೊಡಬೇಕು, ಬೇಡ ಎನ್ನಲು ಸಹಿ ಹಾಕಿದ ಕಾಗದ ಬೇಕು. ಅನ್‌ಇನ್ಶೂರ್ಡ್ ಮೋಟರಿಸ್ಟ್ ಕವರಿಗೂ ಹಾಗೆಯೇ. ಏಜೆಂಟರು ಕಳಿಸಿದ ಕಾಗದಗಳ ಕಟ್ಟಿನಲ್ಲಿ ಈ ಎರಡು ನಿರಾಕರಣೆ ಪತ್ರಗಳೂ ಸೇರಿದ್ದವು. ಅವೆರಡನ್ನು ಬಿಟ್ಟು ಉಳಿದದ್ದಕ್ಕೆ ಸಹಿ ಹಾಕಿದೆ. ಇಲ್ಲಿ ಮನೆ ಕೊಂಡ ಮೇಲೆ 10 ಲಕ್ಷ ಡಾಲರಿನ ಅಂಬ್ರೆಲಾ ಪಾಲಿಸಿಯನ್ನೂ, ಅಂದರೆ ಕಾರಿನ ಪಾಲಿಸಿಯ ಮಿತಿ ಮುಗಿದ ಮೇಲೆ ನೆರವಿಗೆ ಬರುವ ಹೆಚ್ಚುವರಿ ಪಾಲಿಸಿಯನ್ನೂ, ಸೇರಿಸಿದೆ. ಅದನ್ನು ಕೊಡುವ ಕಂಪನಿಗಳು ಸಾಮಾನ್ಯವಾಗಿ ಕಾರಿನ ಪಾಲಿಸಿ 250/500ರ ಆಸುಪಾಸಿನಲ್ಲಿ ಇರಲೇಬೇಕೆನ್ನುತ್ತವೆ, ನನ್ನದು ಮೊದಲೇ ಅಲ್ಲಿತ್ತು.

ಆಮೇಲೆ ಪರಿಚಯದವರು ತಮ್ಮ ತಮ್ಮ ರಾಜ್ಯದ ಕೋಟ್ ಕಳಿಸಿ ಕೇಳಲು ಶುರು ಮಾಡಿದರು. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಗೆಳೆಯನಿಗೆ ನಾನು ಹೇಳಿದ್ದು, ಅಗ್ಗದ 'ಬೇಸಿಕ್' ಪಾಲಿಸಿಯ ಕಡೆ ನೋಡಬೇಡ ಎಂದು. ಅದರಲ್ಲಿ ಬೇರೆಯವರ ಗಾಯಕ್ಕೆ ಕವರ್ ತಾನಾಗಿ ಬರುವುದಿಲ್ಲ, ಕೇಳಿ ಸೇರಿಸಿಕೊಂಡರೂ ಬರೀ 10,000 ಡಾಲರ್. ಅಲ್ಲಿನ 'ಸ್ಟ್ಯಾಂಡರ್ಡ್' ಪಾಲಿಸಿಯ ಕನಿಷ್ಠ 2023ರಲ್ಲಿ 25/50/25 ಆಗಿ, 2026ರ ಜನವರಿಯಿಂದ 35/70/25 ಆಗಿದೆ. ಜೊತೆಗೆ ದಾವೆಯ ಹಕ್ಕನ್ನು ಪೂರ್ತಿ ಇಟ್ಟುಕೊಳ್ಳುತ್ತೀರಾ, ಮಿತಿಗೊಳಿಸುತ್ತೀರಾ ಎಂದು ಅಲ್ಲಿ ಕೇಳುತ್ತಾರೆ. ಮಿತಿಗೊಳಿಸಿದರೆ ಪ್ರೀಮಿಯಂ ಇಳಿಯುತ್ತದೆ, ಆದರೆ ಶಾಶ್ವತ ಗಾಯದಂಥ ಕೆಲವು ಗಂಭೀರ ಗಾಯಗಳ ಹೊರತು ನೋವು ಸಂಕಟಕ್ಕೆ ದಾವೆ ಹೂಡಲಾಗದು.

ಫ್ಲೋರಿಡಾದಲ್ಲಿ ಎಂಎಸ್ ಓದುತ್ತಿರುವ ಚಿಕ್ಕಪ್ಪನ ಮಗ "ಅಣ್ಣಾ, ಇಲ್ಲಿ 10 ಸಾವಿರದ್ದು ಎರಡೇ ಸಾಲು ಸಾಕಂತೆ" ಎಂದು ಖುಷಿಯಿಂದ ಫೋನು ಮಾಡಿದ. ಅವನು ಹೇಳಿದ್ದು ನಿಜ: 10,000 ಡಾಲರಿನ ಪಿಐಪಿ, 10,000 ಡಾಲರಿನ ಆಸ್ತಿ ಹಾನಿ. ಬೇರೆಯವರ ಗಾಯಕ್ಕೆ ಕವರ್ ಇರಲೇಬೇಕೆಂದು ಆ ರಾಜ್ಯ ಸಾಮಾನ್ಯ ಚಾಲಕರಿಗೆ ಹೇಳುವುದಿಲ್ಲ. "ಸರಿ ಕಣೋ, ಯಾರಿಗಾದ್ರೂ ಕಾಲು ಮುರಿದ್ರೆ ಆ ದುಡ್ಡು ಯಾರು ಕೊಡ್ತಾರೆ?" ಎಂದು ಕೇಳಿದೆ. ವಿದ್ಯಾರ್ಥಿಯ ಬಜೆಟ್ಟಿನಲ್ಲಿ 250/500 ಆಗದು ಎಂದು ಗೊತ್ತಿತ್ತು, ಕಾರೂ ಹಳೆಯದು. ಕೊಲಿಷನ್ ತೆಗೆಸಿ, ಆ ಹಣಕ್ಕೆ ಬೇರೆಯವರ ಗಾಯದ ಕವರನ್ನೂ ಅನ್‌ಇನ್ಶೂರ್ಡ್ ಮೋಟರಿಸ್ಟ್ ಕವರನ್ನೂ ಹಾಕಿಸಿದೆವು. ಅಪಘಾತವಾದರೆ 14 ದಿನದೊಳಗೆ ವೈದ್ಯರ ಹತ್ತಿರ ಹೋಗದಿದ್ದರೆ ಅಲ್ಲಿನ ಪಿಐಪಿ ಹಣ ಸಿಗುವುದಿಲ್ಲ. ಸಣ್ಣ ನೋವು, ತಾನೇ ಹೋಗುತ್ತೆ ಅಂತ ಕೂರಬೇಡ ಎಂದು ಅವನಿಗೂ ಅವನ ರೂಮ್‌ಮೇಟುಗಳಿಗೂ ಹೇಳಿದ್ದೇನೆ.